ಹತ್ತು ಗಂಟೆಯ ಬೋಣಿ

ನಾವು ನಾಲ್ಕು ಮಂದಿ ಸೇರಿ ಒಂದು ಸಾಹಿತ್ಯ ಪತ್ರಿಕೆ ಓದುತ್ತಿದ್ದೆವು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಕಳೆದಿದ್ದ ಕಾಲ. ಪತ್ರಿಕೆ ಮೂರು ತಿಂಗಳಿಗೊಮ್ಮೆ ಬರುತ್ತದೆ ಎಂದು ಮುಖಪುಟದ ಮೇಲೆ ಅಚ್ಚಾಗಿರುತ್ತಿತ್ತು. ಅದು ಸಂಪಾದಕರ ಆಸೆ. ನಮ್ಮ ಕೈಗೆ ಅದು ನಾಲ್ಕಕ್ಕೋ ಐದಕ್ಕೋ ಬಂದು ಮುಟ್ಟುತ್ತಿತ್ತು. ಮುಖಪುಟದಲ್ಲಿ ತಲೆಯೋ ಮರವೋ ಎಂದು ತಿಳಿಯದ ಒಂದು ಚಿತ್ರ, ಮೊದಲ ಪುಟಗಳಲ್ಲಿ ದೊಡ್ಡ ಹೆಸರಿನವರು, ಹಿಂದಿನ ಪುಟಗಳಲ್ಲಿ 'ಹೊಸಬರು' ಎಂಬ ಹಣೆಪಟ್ಟಿಯ ಕೆಳಗೆ ಯಾರೂ ಹೆಸರು ಕೇಳದವರು. ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ ಒಂದು ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ಅಂಗಡಿಯಲ್ಲಿ ಸಿಗದಿದ್ದರೇ ಅದು ಓದಲು ಯೋಗ್ಯವಾದ ಪತ್ರಿಕೆ ಎಂದು ನಮ್ಮ ಮಾಸ್ತರರು ನಂಬಿದ್ದರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿ, ನಿವೃತ್ತರಾಗಿ, ಅಂಕೋಲೆಯ ಮನೆಯಲ್ಲಿ ಕೂತು ಊರಿನ ಕನ್ನಡವನ್ನೆಲ್ಲ ತಿದ್ದುತ್ತಿದ್ದವರು. ಚಂದಾ ಅವರ ಹೆಸರಿನಲ್ಲಿತ್ತು. ಅವರು ಮೊದಲು ಓದುತ್ತಿದ್ದರು. ಎರಡನೆಯವಳು ನಾನು. ಆಗ ಕಾರವಾರದ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಟೈಪ್‌ರೈಟರುಗಳನ್ನು ಮೂಲೆಗೆ ಸರಿಸಿ ಎರಡು ಕಂಪ್ಯೂಟರ್ ಇಟ್ಟ ಹೊಸತು. ನನ್ನ ಪಾಳಿ ಮಧ್ಯಾಹ್ನದ ಮೇಲಾದ್ದರಿಂದ ಬೆಳಿಗ್ಗೆ ಅಂಕೋಲೆಯಲ್ಲಿ ಅಡ್ಡಾಡಲು ಬೇಕಷ್ಟು ಪುರಸೊತ್ತಿತ್ತು. ನಾಲ್ಕನೆಯವರು ನಮ್ಮ ಕ್ಲಾಸಿನ ಕೆಳಗಿನ ದವಾಖಾನೆಯ ಕಂಪೌಂಡರು, ಕದ್ವಾಡದಿಂದ ಸೈಕಲ್ಲಿನಲ್ಲಿ ಬರುತ್ತಿದ್ದವರು. ಅವರು ಓದಿ ಮುಗಿಸಿ ನನ್ನ ಕೈಗೆ ಕೊಟ್ಟರೆ, ನಾನು ಬಸ್ಸಿನಲ್ಲಿ ತಂದು ಮಾಸ್ತರರಿಗೆ ಒಪ್ಪಿಸಬೇಕು. ಅವರು ಅದನ್ನು ದಾರದಿಂದ ಹೊಲಿದು ಕಪಾಟಿಗೆ ಸೇರಿಸುವರು.

ಮೂರನೆಯವಳನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಅವಳು ಅಂಕೋಲೆ ಮೀನುಪೇಟೆಯ ಅಕ್ಕ. ಬೆಳಗಾಗುವ ಮೊದಲೇ ಅವರ್ಸಾದಿಂದ ಟೆಂಪೋದಲ್ಲಿ ಬುಟ್ಟಿ ಹೇರಿಕೊಂಡು ಬಂದು, ಸಾಲಿನಲ್ಲಿ ಮೂರನೇ ಜಾಗದಲ್ಲಿ ಕೂರುವಳು. ಏಳನೇ ಇಯತ್ತೆ ಕಲಿತಿದ್ದಳು. ಮೀನು ಕಟ್ಟಿಕೊಡಬೇಕಾದ ಹಳೇ ವಾರಪತ್ರಿಕೆಯ ಹಾಳೆಯನ್ನು ಪೂರ್ತಿ ಓದದೆ ಗಿರಾಕಿಗೆ ಕೊಡುತ್ತಿರಲಿಲ್ಲ. ಹಾಗೆ ಒಂದು ದಿನ ಮಾಸ್ತರರನ್ನು ಬಿಸಿಲಲ್ಲಿ ನಿಲ್ಲಿಸಿ ಒಂದು ಧಾರಾವಾಹಿಯ ಕಂತು ಮುಗಿಸಿದಳಂತೆ. ಸಿಟ್ಟಾಗಬೇಕಾದ ಮಾಸ್ತರರು ಅವಳನ್ನು ನಮ್ಮ ಸರದಿಗೆ ಸೇರಿಸಿಕೊಂಡು ಬಂದರು. ಪತ್ರಿಕೆಯನ್ನು ಅವಳು ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಓದುತ್ತಿದ್ದಳು, ಮುಗಿದ ಮೇಲೆ ಕಾರವಾರದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಂಪೌಂಡರಿಗೆ ಕಳಿಸುತ್ತಿದ್ದಳು. ಅವಳ ಕೈಯಿಂದ ಬಂದ ಸಂಚಿಕೆಗೆ ಒಂದು ದಿನವೂ ಮೀನಿನ ವಾಸನೆ ಬಂದದ್ದಿಲ್ಲ. ಕಂಪೌಂಡರ ಕೈಯಿಂದ ಬಂದದ್ದಕ್ಕೆ ಮಾತ್ರ ಫಿನಾಯಿಲ್ ವಾಸನೆ ಇರುತ್ತಿತ್ತು.

ನಮ್ಮ ಸರದಿಗೆ ಮಾಸ್ತರರೇ ಕಾನೂನು ಮಾಡಿದ್ದರು. ಒಬ್ಬೊಬ್ಬರಿಗೆ ಎಂಟು ದಿನ. ಓದಿದವರು ಪ್ರತಿ ಕತೆಯ ಅಂಚಿನಲ್ಲಿ ಏನಾದರೂ ಬರೆಯಲೇಬೇಕು, ಪೆನ್ಸಿಲ್ಲಿನಲ್ಲೇ ಬರೆಯಬೇಕು, ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ. ಅಳಿಸುವಂತಿಲ್ಲ ಎಂದಾದರೆ ಪೆನ್ಸಿಲ್ ಯಾಕೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಎಂಟನೇ ತರಗತಿಯಲ್ಲಿ ನೋಡುತ್ತಿದ್ದ ಹಾಗೆಯೇ ನೋಡಿದರು. ಅವರು ಮುಂದಿನಿಂದ ಓದುತ್ತ ಬಂದು, ದೊಡ್ಡ ಹೆಸರುಗಳ ಪಕ್ಕದಲ್ಲಿ ಉದ್ದುದ್ದ ಬರೆಯುತ್ತಿದ್ದರು. ನಾನು ಮೊದಲು ಓದುಗರ ಪತ್ರಗಳ ಪುಟ ತೆರೆದು ಯಾರಿಗೆ ಯಾರ ಜೊತೆ ಜಗಳ ಹತ್ತಿದೆ ಎಂದು ನೋಡಿಕೊಂಡು ಆಮೇಲೆ ಕತೆಗೆ ಬರುತ್ತಿದ್ದೆ. ಕಂಪೌಂಡರು ಕಾಯಿಲೆ ಇಲ್ಲದ ಪುಟವನ್ನು ಸರಿಯಾಗಿ ಓದುತ್ತಿರಲಿಲ್ಲ. ಒಬ್ಬ ಹೆಸರಾಂತ ಕತೆಗಾರರ ನಾಯಕ ಜ್ವರದಲ್ಲಿ ಎರಡು ಪುಟ ಮಾತಾಡಿ ಸತ್ತಾಗ, 'ಈ ಜ್ವರಕ್ಕೆ ಇಷ್ಟು ಮಾತು ಬರುವುದಿಲ್ಲ' ಎಂದು ಬರೆದಿದ್ದರು.

ಅಕ್ಕ ಹಿಂದಿನಿಂದ ಓದುತ್ತಿದ್ದಳು.

"ದೊಡ್ಡವ್ರು ಸುಳ್ಳು ಹೇಳಿದ್ರೆ ಲಗೂ ಗೊತ್ತಾಗೂದಿಲ್ಲ ತಂಗಿ. ಹೊಸಬ್ರದ್ದು ಎರಡು ಸಾಲಿಗೇ ಗೊತ್ತಾಗ್ತದೆ" ಎಂದು ಕಾರಣ ಹೇಳಿದ್ದಳು.

ಅವಳು ಬರೆಯುತ್ತಿದ್ದದ್ದು ಒಂದೇ ಶಬ್ದ. ಯಾವ ಸಾಲು ಅವಳಿಗೆ ನಂಬಿಕೆ ಬರಲಿಲ್ಲವೋ ಅದರ ಪಕ್ಕದಲ್ಲಿ ಮೊಂಡು ಪೆನ್ಸಿಲ್ಲಿನಿಂದ 'ಸುಳ್ಳು' ಎಂದು ಒತ್ತಿ ಬರೆಯುವಳು. ನಂಬಿಕೆ ಬಂದರೆ ಏನೂ ಬರೆಯುತ್ತಿರಲಿಲ್ಲ. ಏನಾದರೂ ಬರೆಯಲೇಬೇಕು ಎಂಬ ಕಾನೂನಿನಿಂದ ಅವಳೊಬ್ಬಳಿಗೆ ವಿನಾಯಿತಿ ಇತ್ತು. ಅವಳು ಸುಮ್ಮನಿದ್ದರೆ ಅದೇ ಮೆಚ್ಚುಗೆ ಎಂದು ಮಾಸ್ತರರು ತೀರ್ಪು ಕೊಟ್ಟಿದ್ದರು. ಒಂದು ಸಂಚಿಕೆಯಲ್ಲಿ ಹತ್ತು ಹನ್ನೆರಡು 'ಸುಳ್ಳು' ಇರುವುದು ಸಾಮಾನ್ಯ. ಅವು ಹೆಚ್ಚಾಗಿ ಸರಿಯಾದ ಜಾಗದಲ್ಲೇ ಇರುತ್ತಿದ್ದವು. ಆ ಶಬ್ದದ ಹೆದರಿಕೆಯಲ್ಲೇ ನಾನು ಕತೆ ಬರೆಯಲು ಕಲಿತೆ. ಅವಳ ಒಂದೂ 'ಸುಳ್ಳು' ಬೀಳದ ಕತೆಯೊಂದನ್ನು ಬರೆಯಬೇಕು ಎಂಬುದೇ ಆಗ ನನಗಿದ್ದ ದೊಡ್ಡ ಆಸೆ.

ಆ ಕತೆಗೆ ವಸ್ತು ಕೊಟ್ಟವಳೂ ಅವಳೇ. ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಮೀನುಪೇಟೆಗೆ ಹೋದಾಗ, ಮಾಸ್ತರರು ಅಕ್ಕನ ಎದುರು ನಿಂತು ಛತ್ರಿಯ ತುದಿಯಿಂದ ಬಂಗಡೆಯ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ಎಂದು ನೋಡುತ್ತಿದ್ದರು. ಅಕ್ಕ ಮುಖ ಸಣ್ಣ ಮಾಡಿಕೊಂಡು, "ಬೆಳಿಗ್ಗಿಂದ ಕುಂತೆ ಮಾಸ್ತರ್ರೇ, ಇನ್ನೂ ಬೋಣಿ ಆಗ್ಲಿಲ್ಲ. ನಿಮ್ಮ ಕೈಯಿಂದಾದ್ರೂ ಆಗ್ಲಿ" ಎಂದಳು. ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಬೋಣಿಯ ಗಿರಾಕಿ ಬರಿಗೈಯಲ್ಲಿ ತಿರುಗಿ ಹೋದರೆ ಮಾರುವವಳ ಇಡೀ ದಿನ ಕೆಟ್ಟಂತೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಾಸ್ತರರು ಕೂಡಲೇ ಗಂಭೀರರಾಗಿ, ಮತ್ತೆ ಕಿವಿರು ನೋಡದೆ ತೆಗೆದುಕೊಂಡರು. ಅಕ್ಕ ಅವರ ನೋಟನ್ನು ಬುಟ್ಟಿಗೆ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು.

"ನನ್ನ ಕೈಗುಣ ಅಂಥದ್ದು, ಸುಳ್ಳಲ್ಲ" ಎಂದು ನನಗೆ ಹೇಳಿ ಮಾಸ್ತರರು ಹೊರಟರು. ಅವರು ಮೂಲೆ ತಿರುಗಿದ ಮೇಲೆ ನಾನು ಬುಟ್ಟಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು.

"ಹತ್ತು ಗಂಟೆಗೆ ಬೋಣಿಯಾ ಅಕ್ಕಾ?"

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಬೋಣಿ ಆರು ಗಂಟೆಗೇ ಹೋಟ್ಲವ್ರು ಮಾಡ್ಕಂಡು ಹೋದ್ರು. ಮಾಸ್ತರ್ರು ಬಂದಾಗೆಲ್ಲಾ ಬೋಣಿನೇ. ಬ್ಯಾಂಕಿನವ್ರು ಬಂದ್ರೂ ಬೋಣಿ. ಬೋಣಿ ಅಂದ್ರೆ ಯಾರೂ ಹಂಗೇ ಹೋಗೂದಿಲ್ಲ. ಹೋಗ್ವಾಗ ಎದೆ ಉಬ್ಬಿಸ್ಕಂಡು ಹೋಗ್ತ್ರು. ಯಾರಿಗೆಂತಾ ನಷ್ಟ?"

"ನಂಗೆ ಒಂದು ದಿನವೂ ಹಂಗೆ ಹೇಳ್ಲಿಲ್ಲ ನೀನು."

"ನೀ ಎಂತಾ ಗಿರಾಕಿನಾ?" ಎಂದು ಅಕ್ಕ ನನ್ನ ಚೀಲಕ್ಕೆ ತಾರ್ಲೆ ಮೀನು ಸುರಿದಳು. "ಯಾರಿಗೂ ಹೇಳ್ಬೇಡ, ಆಂ? ನಿಂಗೊಬ್ಬಳಿಗೇ ಹೇಳಿದ್ದು."

ನಾನು ಯಾರಿಗೂ ಹೇಳಲಿಲ್ಲ. ಬರೆದೆ. ಹೇಳುವುದಕ್ಕೂ ಬರೆಯುವುದಕ್ಕೂ ವ್ಯತ್ಯಾಸ ಇದೆ ಎಂದು ಆಗ ನನಗೆ ನಾನೇ ವಾದ ಮಾಡಿಕೊಂಡಿದ್ದೆ. ಕ್ಲಾಸಿನ ಹುಡುಗಿಯರು ಹೋದ ಮೇಲೆ ಹೊಸ ಕಂಪ್ಯೂಟರಿನ ಮುಂದೆ ಕೂತು ಹದಿನೈದು ಸಂಜೆ ಟೈಪು ಮಾಡಿದೆ. ಕತೆಯ ಊರಿಗೆ ಹೆಸರಿಡಲಿಲ್ಲ. ಮಾಸ್ತರರನ್ನು ನಿವೃತ್ತ ಪೋಸ್ಟ್ ಮಾಸ್ತರರನ್ನಾಗಿ ಮಾಡಿದೆ, ಆದರೆ ಛತ್ರಿಯನ್ನು ಬಿಡಲು ಮನಸ್ಸಾಗಲಿಲ್ಲ. ಕೊನೆಯಲ್ಲಿ ನಾಯಕಿ ಬಿಸಿಲಿಗೆ ತಲೆ ತಿರುಗಿ ಬಿದ್ದು, ಎದ್ದು, ಸಂಜೆ ಸಮುದ್ರದ ಎದುರು ನಿಂತು ತನ್ನ ಬೋಣಿಯ ಮೋಸಕ್ಕೆ ಅಳುತ್ತಾಳೆ. ಅಂಥ ಅಂತ್ಯ ಯಾಕೆ ಇಟ್ಟೆನೆಂದರೆ, ಪತ್ರಿಕೆಯ ಮೊದಲ ಪುಟಗಳ ಕತೆಗಳಲ್ಲಿ ಕೊನೆಗೆ ಯಾರಾದರೂ ಒಂದು ನೀರಿನ ಎದುರು ನಿಲ್ಲುತ್ತಿದ್ದರು. ಕೆಲವರಿಗೆ ಕೆರೆ, ಕೆಲವರಿಗೆ ಹೊಳೆ. ನನ್ನ ಹತ್ತಿರ ಸಮುದ್ರವೇ ಇತ್ತು.

ಕತೆಗೆ ಗಂಡಸಿನ ಹೆಸರೊಂದನ್ನು ಹಚ್ಚಿದೆ. ವಿಳಾಸ ಮಾತ್ರ ಘಟ್ಟದ ಮೇಲೆ ಮದುವೆಯಾಗಿ ಹೋದ ನನ್ನ ಗೆಳತಿಯದು. ಅಕ್ಕನ ತೀರ್ಪು ನನ್ನ ಮುಖ ನೋಡದೆ ಬರಬೇಕು, ಅವಳು ಮೆಚ್ಚಿದ ಮೇಲೆ ಎಲ್ಲರೆದುರು 'ನಾನೇ' ಎಂದು ಹೇಳಿಬಿಡಬೇಕು ಎಂದು ಹೊಂಚು ಹಾಕಿದ್ದೆ. ಐದು ತಿಂಗಳಾದ ಮೇಲೆ ಒಂದು ದಿನ ಗೆಳತಿಯಿಂದ ಮೂರು ಮಿಸ್ಡ್ ಕಾಲ್ ಬಂತು. ಕತೆ ಒಪ್ಪಿಗೆಯಾಗಿದೆ ಎಂಬುದಕ್ಕೆ ನಾವು ಮಾಡಿಕೊಂಡಿದ್ದ ಗುರುತು ಅದು.

ಸಂಚಿಕೆ ಬರುವ ಹೊತ್ತಿಗೆ ನನಗೊಂದು ಸಂಕಟ ಹೊಳೆಯಿತು. ಮಾಸ್ತರರು ಆದ ಮೇಲೆ ನನ್ನ ಸರದಿ. ನನ್ನ ಕತೆಯ ಅಂಚಿನಲ್ಲಿ ನಾನೇ ಏನಾದರೂ ಬರೆಯಬೇಕು, ಅದನ್ನು ಅಕ್ಕ ನೋಡುತ್ತಾಳೆ. ಹೊಗಳಿದರೆ ಮಾನ ಹೋಗುತ್ತದೆ, ಬೈಯಲು ಕೈ ಬರುವುದಿಲ್ಲ, ಸುಮ್ಮನಿರಲು ಕಾನೂನು ಬಿಡುವುದಿಲ್ಲ. ಹಾಗಾಗಿ ನನಗೆ ಕಣ್ಣು ಬೇನೆ ಬಂತು. ಊರಲ್ಲಿ ನಾಲ್ಕಾರು ಜನರಿಗೆ ನಿಜವಾಗಿ ಬಂದಿತ್ತು, ಒಂದು ಹೆಚ್ಚಾದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಮಾಸ್ತರರ ಅಂಗಳದಲ್ಲಿ ನಿಂತೆ. ಅವರು ಸಂಚಿಕೆಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದು, "ಬೇಡ ಬೇಡ, ನೀನು ಕೊನೆಗೆ ಓದು. ಇದನ್ನು ಮೀನುಪೇಟೆಗೆ ನಾನೇ ಕೊಡುತ್ತೇನೆ" ಎಂದರು.

ನಾನು ಲೆಕ್ಕ ಹಾಕದೆ ಬಿಟ್ಟದ್ದು ಕಂಪೌಂಡರನ್ನು. ಕನ್ನಡಕ ಕಂಡವರೇ ದವಾಖಾನೆಯಿಂದ ಮೇಲೆ ಹತ್ತಿ ಬಂದು, "ಮೇಲೆ ನೋಡಿ ಟೀಚರ್ರೇ" ಎಂದು ಹುಡುಗಿಯರ ಎದುರೇ ನನ್ನ ರೆಪ್ಪೆ ಬಿಡಿಸಿದರು. "ಬೆಳ್ಳಗೇ ಉಂಟಲ್ಲ. ಕಡಿಮೆ ಆಗ್ತಾ ಬಂತು" ಎಂದು ತಾವೇ ಸಮಾಧಾನ ಮಾಡಿಕೊಂಡು ಹನಿ ಬಿಟ್ಟರು. ದಿನಕ್ಕೆ ಎರಡು ಸಲದಂತೆ ಐದು ದಿನ ಬಿಟ್ಟರು. ಮೂರನೇ ದಿನಕ್ಕೆ ನನ್ನ ಕಣ್ಣು ನಿಜವಾಗಿಯೂ ಕೆಂಪಾಯಿತು. ಸುಳ್ಳಿಗೆ ಕೂಡಲೇ ಶಿಕ್ಷೆ ಸಿಗುವುದನ್ನು ನಾನು ಕಂಡದ್ದು ಅದೊಂದೇ ಸಲ.

ಹದಿನೈದು ಇಪ್ಪತ್ತು ದಿನ ಕಳೆದು ಸಂಚಿಕೆ ಕಂಪೌಂಡರ ಕೈಯಿಂದ ನನಗೆ ಬಂತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನನ್ನ ಕತೆಯ ಪುಟ ತೆರೆದೆ. ಹೊಸಬರ ಸಾಲಿನಲ್ಲಿ ಎರಡನೆಯದು, ಹೆಸರಿನ ಕೆಳಗೆ ಗೆಳತಿಯ ಊರು. ಮೇಲ್ಗಡೆಯ ಅಂಚಿನಲ್ಲೆಲ್ಲ ಮಾಸ್ತರರ ಓರೆ ಅಕ್ಷರ: 'ಘಟ್ಟದ ಮೇಲಿನವನಾದರೂ ಕರಾವಳಿಯ ನಾಡಿ ಬಲ್ಲ. ನಮ್ಮ ತಂಗಿ ಇದನ್ನು ಎರಡು ಸಲ ಓದಬೇಕು, ಕಲಿಯುವುದು ಬಹಳ ಇದೆ.' ತಂಗಿ ಎಂದರೆ ನಾನು. ಛತ್ರಿಯ ಪೋಸ್ಟ್ ಮಾಸ್ತರರು ಎದೆ ಉಬ್ಬಿಸಿ ಹೋಗುವಲ್ಲಿ, 'ಇಂಥ ಭೋಳೇ ಜನ ಎಲ್ಲ ಊರಲ್ಲೂ ಇರುತ್ತಾರೆ' ಎಂದು ಬರೆದಿದ್ದರು. ನಾನು ಅವರ್ಸಾ ದಾಟುವ ತನಕ ಒಬ್ಬಳೇ ನಕ್ಕೆ. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂತರು. ಕಂಪೌಂಡರು ತಲೆ ತಿರುಗಿ ಬಿದ್ದವಳನ್ನು ಮೊದಲು ನೆರಳಿಗೆ ಒಯ್ಯಬೇಕಿತ್ತು ಎಂದಿದ್ದರು.

ಅಕ್ಕನ ಮೊಂಡು ಪೆನ್ಸಿಲ್ ಎರಡು ಕಡೆ ಇತ್ತು. ಕೊನೆಯಲ್ಲಿ, ಸಮುದ್ರದ ಎದುರಿನ ಅಳುವಿನ ಪಕ್ಕದಲ್ಲಿ, 'ಸುಳ್ಳು'. ನನ್ನ ನಗು ಅಲ್ಲೇ ಇಳಿಯಿತು. ಹಿಂದಕ್ಕೆ ತಿರುಗಿಸಿದೆ. ನಾಯಕಿ ಒಬ್ಬ ಹುಡುಗಿಗೆ ಬೋಣಿಯ ಗುಟ್ಟು ಹೇಳುವ ಜಾಗದಲ್ಲಿ ಬೇರೆ ಒಂದು ಶಬ್ದವಿತ್ತು. ಇಷ್ಟು ವರ್ಷದಲ್ಲಿ ಯಾವ ಸಂಚಿಕೆಯಲ್ಲೂ ಅವಳು ಬರೆಯದ ಶಬ್ದ. 'ನಿಜ' ಎಂದು ಬರೆದಿದ್ದಳು.

ಅದು ಮೆಚ್ಚುಗೆಯಲ್ಲ ಎಂದು ತಿಳಿಯಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಗಿರಾಕಿಗಳಲ್ಲಿ ಆ ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೆ. ಕತೆ ಬರೆದವರು ಯಾರೆಂದು ಅವಳಿಗೆ ತಿಳಿದಿತ್ತು. ಸಂಚಿಕೆ ಕೊನೆಗೆ ನನ್ನ ಕೈಗೇ ಬರುತ್ತದೆ ಎಂದೂ ತಿಳಿದಿತ್ತು. ಆ ಶಬ್ದ ನನಗೆ ಬರೆದ ಕಾಗದ.

ಮರುದಿನ ಮೀನುಪೇಟೆಗೆ ಹೋದಾಗ ಹನ್ನೊಂದಾಗಿತ್ತು. ಬುಟ್ಟಿಯ ತಳದಲ್ಲಿ ಒಂದಿಷ್ಟು ಶೆಟ್ಲಿ, ಅಂದರೆ ಸಿಗಡಿ, ಮಾತ್ರ ಉಳಿದಿತ್ತು. ಅಕ್ಕ ತಲೆ ಎತ್ತಿ, ಮಾಸ್ತರರಿಗೆ ನಗುವ ನಗೆಯನ್ನೇ ನಕ್ಕು, "ಬನ್ನಿ, ಬನ್ನಿ. ಇನ್ನೂ ಬೋಣಿ ಆಗ್ಲಿಲ್ಲ. ನಿಮ್ಮ ಕೈಯಿಂದಾದ್ರೂ ಆಗ್ಲಿ" ಎಂದಳು.

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ನನ್ನನ್ನು ಬಹುವಚನದಲ್ಲಿ ಕರೆದು ಗಿರಾಕಿ ಮಾಡಿಬಿಟ್ಟಳು. ನಾನು ಶೆಟ್ಲಿ ತೆಗೆದುಕೊಂಡೆ. ಅವಳು ನನ್ನ ನೋಟನ್ನೂ ಬುಟ್ಟಿಗೆ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು. ಮನೆಗೆ ಬಂದು ಅಡಿಗೆಮನೆಯಲ್ಲಿ ಶೆಟ್ಲಿ ಬಿಡಿಸುತ್ತ ಕೂತು ಅತ್ತೆ. ಅಮ್ಮ ನೋಡಿ, ಕಣ್ಣು ಬೇನೆ ತಿರುಗಿ ಬಂತೆಂದು ತಿಳಿದು, ಕನ್ನಡಕ ತಂದುಕೊಟ್ಟಳು.

ಇನ್ನು ಸಂಚಿಕೆಯನ್ನು ಮಾಸ್ತರರಿಗೆ ಒಪ್ಪಿಸಬೇಕು. 'ನಾನೇ ಬರೆದದ್ದು' ಎಂದರೆ ನನಗೆ ಹೆಸರು ಬರುತ್ತದೆ. ಆದರೆ ಕತೆ ನಮ್ಮ ಊರಿನದೆಂದು ಗೊತ್ತಾದ ಕೂಡಲೇ ಮೀನಿನವಳು ಯಾರು, ಛತ್ರಿ ಯಾರದು ಎಂದು ತಿಳಿಯಲು ಮಾಸ್ತರರಿಗೆ ಅರ್ಧ ನಿಮಿಷ ಸಾಕು. ಆಮೇಲೆ ಅವರು ಅಕ್ಕನ ಎದುರು ಹೇಗೆ ನಿಲ್ಲುತ್ತಾರೆ, ಅಕ್ಕ ಅವರ ಎದುರು ಹೇಗೆ ಕೂರುತ್ತಾಳೆ? ನಾನು ಒಪ್ಪಿಕೊಳ್ಳದಿದ್ದರೂ ಆ 'ನಿಜ' ಒಂದು ಉಳಿದರೆ ಸಾಕು, ಅವರಿಗೆ ಅನುಮಾನ ಬರುತ್ತದೆ. ಎರಡು ದಿನ ನನ್ನ ಹೆಸರಿನ ಆಸೆಯನ್ನೂ ಅಕ್ಕನ ಮುಖವನ್ನೂ ಒಟ್ಟಿಗೆ ನೆನೆಸಿಕೊಂಡು ಓಡಾಡಿದೆ. ಮೂರನೇ ದಿನ ರಬ್ಬರ್ ತೆಗೆದುಕೊಂಡು ಮಾಸ್ತರರ ಕಾನೂನು ಮುರಿದೆ. 'ನಿಜ' ಅಳಿಸಿದ ಜಾಗ ಬೋಳಾಗಿ ಕಂಡಿತು. ಅದರ ಮೇಲೆಯೇ ನನ್ನ ಕೈಯಿಂದ ದುಂಡಗೆ ಬರೆದೆ: 'ಮೀನುಪೇಟೆಯಲ್ಲಿ ಎಲ್ಲಿಯೂ ಹೀಗೆ ನಡೆಯುವುದಿಲ್ಲ. ಬರೆದವರು ಜನ್ಮದಲ್ಲಿ ಮೀನು ಕೊಂಡವರಲ್ಲ. ಕತೆ ಪೂರಾ ಸುಳ್ಳು.' ನನ್ನ ಮೊದಲ ಕತೆಗೆ ಬಂದ ಅತ್ಯಂತ ಕಟುವಾದ ವಿಮರ್ಶೆ ಅದು.

ಮಾಸ್ತರರು ಅಷ್ಟಕ್ಕೇ ಬಿಡಲಿಲ್ಲ. ಆ ಲೇಖಕನನ್ನು ಅಂಕೋಲೆಗೆ ಕರೆಸಿ ಮಾತಾಡಿಸಬೇಕು ಎಂದು ಸಂಪಾದಕರಿಂದ ವಿಳಾಸ ತರಿಸಿ ಕಾರ್ಡು ಹಾಕಿದರು. ಗೆಳತಿ ನನ್ನನ್ನು ಕೇಳದೆ ತನಗೆ ಹೊಳೆದ ಉತ್ತರ ಬರೆದಳು. "ಪಾಪ, ಅವರಿಗೂ ಕಣ್ಣು ಬೇನೆಯಂತೆ, ಪ್ರಯಾಣ ಆಗುವುದಿಲ್ಲವಂತೆ" ಎಂದು ಮಾಸ್ತರರು ನನಗೆ ಕಾರ್ಡು ತೋರಿಸಿದರು. ಕಂಪೌಂಡರು ಹನಿಯ ಬಾಟಲಿಯೊಂದನ್ನು ಪಾರ್ಸೆಲ್ ಮಾಡಲು ಹೊರಟಿದ್ದರು, ಹೇಗೋ ತಪ್ಪಿಸಿದೆ.

ಅದಾಗಿ ಒಂದು ವಾರ ನಾನು ಮೀನುಪೇಟೆಗೆ ಹೋಗಲಿಲ್ಲ. ಹೋದ ದಿನ ಹತ್ತೂವರೆಗೆ ಅಕ್ಕನ ಎದುರು ಮಾಸ್ತರರೇ ನಿಂತಿದ್ದರು. ನನ್ನನ್ನು ಕಂಡು ಛತ್ರಿ ಎತ್ತಿದರು.

"ಬಾ ತಂಗಿ. ನಿನಗೆ ಎರಡು ಮಾತು ಹೇಳಬೇಕು ಅಂತಿದ್ದೆ. ಹೊಸಬನೊಬ್ಬ ಚೆನ್ನಾಗಿ ಬರೆದರೆ ಇಷ್ಟು ಹೊಟ್ಟೆಕಿಚ್ಚು ಒಳ್ಳೆಯದಲ್ಲ."

"ಎಂತ ಬರೆದಾಳೆ ಅದರಲ್ಲಿ?" ಎಂದು ಅಕ್ಕ ಕೇಳಿದಳು. ಅವಳ ಕೈ ಬಂಗಡೆಯ ಮೇಲೆ ನಿಂತಿತ್ತು.

"ಬೋಣಿಯ ಪ್ರಸಂಗವೇ ಸುಳ್ಳು, ಹೀಗೆ ಎಲ್ಲೂ ನಡೆಯುವುದಿಲ್ಲ, ಬರೆದವನು ಮೀನು ಕೊಂಡವನೇ ಅಲ್ಲ ಅಂತ! ನೀನು ಮೀನು ಮಾರುವವಳು, ನಿನಗಿಂತ ಇವಳಿಗೆ ಹೆಚ್ಚು ಗೊತ್ತೇ? ನೀನೇ ಅಲ್ಲಿ ಏನೂ ಬರೆದಿಲ್ಲ. ಕೊನೆಯಲ್ಲಿ ಒಂದು 'ಸುಳ್ಳು' ಅಂದಿದ್ದೀ, ಅಷ್ಟೆ."

"ಅಲ್ಲಿ ನಾನೇನೂ ಬರೀಲಿಲ್ವಾ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಎರಡು ಸಲ ನೋಡಿದ್ದೇನೆ. ಏನೂ ಇಲ್ಲ."

ಅಕ್ಕ ನನ್ನ ಕಡೆ ನೋಡಿದಳು. ನಾನು ಪಕ್ಕದ ಬುಟ್ಟಿಯ ತಾರ್ಲೆ ನೋಡುತ್ತ ನಿಂತೆ.

"ಹೇಳು, ಅವನ ಕತೆಯಲ್ಲಿ ನಿನಗೆ ಏನೂ ಒಳ್ಳೆಯದು ಕಾಣಲಿಲ್ಲವೇ?" ಎಂದು ಮಾಸ್ತರರು ಬಿಡಲಿಲ್ಲ.

"ಇಲ್ಲ ಸರ್" ಎಂದೆ. "ಆ ಮನುಷ್ಯನಿಗೆ ಏನೂ ಗೊತ್ತಿಲ್ಲ."

ಮಾಸ್ತರರು ನಿಟ್ಟುಸಿರು ಬಿಟ್ಟು ಅಕ್ಕನ ಕಡೆ ತಿರುಗಿದರು. ಅಕ್ಕ ಕೂಡಲೇ ಮುಖ ಸಣ್ಣ ಮಾಡಿಕೊಂಡು ಬೋಣಿಯ ಮಾತು ಆಡಿದಳು. ಅವರು ಕಿವಿರು ನೋಡದೆ ಬಂಗಡೆ ತೆಗೆದುಕೊಂಡರು. ಅಕ್ಕ ನೋಟನ್ನು ಬುಟ್ಟಿಗೆ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು. ಅವರು ಎದೆ ಉಬ್ಬಿಸಿ, ಛತ್ರಿ ಊರಿಕೊಂಡು ಮೂಲೆ ತಿರುಗುವ ತನಕ ನಾವಿಬ್ಬರೂ ನೋಡುತ್ತಿದ್ದೆವು.

ನಾನು ಚೀಲ ಬಿಡಿಸಿ ಹಿಡಿದೆ. ಅವಳ ಬಾಯಿಂದ ಮತ್ತೆ ಬೋಣಿಯ ಮಾತೇ ಬರುತ್ತದೋ ಎಂದು ನೋಡುತ್ತ ನಿಂತೆ.

"ಬೋಣಿ ಆರು ಗಂಟೆಗೇ ಆಯ್ತು ತಂಗಿ" ಎಂದಳು ಅಕ್ಕ. "ಬಂಗಡೆ ನಿನ್ನೆ ಉಳಿದದ್ದು. ನೀ ತಕಬೇಡ."